ಏರುಹಾದಿಯ ಎತ್ತರ ಮತ್ತು ಎಚ್ಚರಿಕೆಯ ನುಡಿ: ವೃತ್ತಿ ಜಾನಪದದ ನೆಲೆಯಲ್ಲಿ ಒಂದು ವಿವೇಚನೆ

ಚಿಂತಾಮಣಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೆಂಚಾರ್ಲಹಳ್ಳಿಯ ಪರಿಸರವು ಕನ್ನಡ ಮತ್ತು ತೆಲುಗು ನುಡಿಗಳೆರಡೂ ಬೆರೆತು ಬಾಳುವ ಬಯಲುಸೀಮೆಯ ಭಾಗವಾಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ ಈ ಸೀಮೆಯ ಆಕಾಶಕ್ಕೆ ಹೊಸದೊಂದು ಸಂಚಾರ ಸೇರಿಕೊಂಡಿತು. ನಿಲ್ದಾಣದ ಎರಡು ಓಡುದಾರಿಗಳೂ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿರುವುದರಿಂದ, ಪೂರ್ವಾಭಿಮುಖವಾಗಿ ಹೊರಡುವ ವಿಮಾನಗಳು ಈ ಬಯಲಿನ ದಿಕ್ಕಿಗೇ ಮುಖಮಾಡಿ ಏರುತ್ತವೆ. ನೆಲದಿಂದ ನೋಡುವವರಿಗೆ ಒಂದೇ ಸಮನಾಗಿ ಕಾಣುವ ಈ ಏರಿಕೆಯು ವಾಸ್ತವವಾಗಿ ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲಿಗೂ ಒಂದು ಅನುಮತಿಯ ಮಾತನ್ನು ಪಡೆದು ನಡೆಯುವಂಥದು. ಆ ಮಾತು ತಪ್ಪಿದಾಗ ಏನಾಗುತ್ತದೆ, ತಪ್ಪನ್ನು ತಡೆಯುವ ಎಚ್ಚರಿಕೆಯ ವ್ಯವಸ್ಥೆ ಹೇಗೆ ಕೆಲಸಮಾಡುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಎತ್ತರವೆಂಬ ಒಪ್ಪಂದ

ವಿಮಾನದ ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಅದು ಗಾಳಿಯ ಒತ್ತಡವನ್ನು ಅಳೆದು ಎತ್ತರವಾಗಿ ತೋರಿಸುತ್ತದೆ. ಹೊರಡುವಾಗ ಪೈಲಟ್‌ ಸ್ಥಳೀಯ ಒತ್ತಡದ ಅಂಕಿಯನ್ನು ಅದರಲ್ಲಿ ಹೊಂದಿಸುತ್ತಾರೆ. ಗೊತ್ತುಪಡಿಸಿದ ಎತ್ತರವನ್ನು ದಾಟಿದ ಮೇಲೆ ಎಲ್ಲ ವಿಮಾನಗಳೂ 1013.2 ಹೆಕ್ಟೊಪಾಸ್ಕಲ್ ಎಂಬ ಏಕರೂಪದ ಅಂಕಿಗೆ ಬದಲಾಗಬೇಕು. ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸವು ಸುಮಾರು 30 ಅಡಿಗೆ ಸಮ. ಆದ್ದರಿಂದ ಹತ್ತು ಅಂಕಿಗಳ ವ್ಯತ್ಯಾಸವಿದ್ದು ಬದಲಾವಣೆ ಮರೆತುಹೋದರೆ, ವಿಮಾನವು ತನ್ನ ಮಟ್ಟಕ್ಕಿಂತ ಸುಮಾರು 300 ಅಡಿ ಆಚೀಚೆ ಹಾರುತ್ತದೆ. ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಸಾಮಾನ್ಯವಾಗಿ ಇರಬೇಕಾದ ಅಂತರ 1000 ಅಡಿ ಮಾತ್ರ ಎಂಬುದನ್ನು ನೆನೆದರೆ ಈ ಮರೆವಿನ ಗಂಭೀರತೆ ತಿಳಿಯುತ್ತದೆ.

ಎತ್ತರದ ವ್ಯತ್ಯಯಕ್ಕೆ ಬೇರೆ ಕಾರಣಗಳೂ ಉಂಟು. ಅನುಮತಿಸಿದ ಅಂಕಿಯನ್ನು ತಪ್ಪಾಗಿ ಕೇಳಿಸಿಕೊಳ್ಳುವುದು, ಸರಿಯಾಗಿ ಕೇಳಿಯೂ ಉಪಕರಣದಲ್ಲಿ ತಪ್ಪಾಗಿ ನಮೂದಿಸುವುದು, ಕೆಲಸದ ಒತ್ತಡದಲ್ಲಿ ನಿಲ್ಲಬೇಕಾದ ಮಟ್ಟವನ್ನು ಮೀರಿ ಏರಿಬಿಡುವುದು ಇವುಗಳಲ್ಲಿ ಮುಖ್ಯವಾದವು. ಏರುಹಾದಿಯಲ್ಲಿ ರೇಡಿಯೊ ತರಂಗಾಂತರ ಬದಲಿಸುವ, ದಿಕ್ಕು ತಿರುಗಿಸುವ, ವೇಗ ಹೊಂದಿಸುವ ಕೆಲಸಗಳೆಲ್ಲ ಒಟ್ಟಿಗೆ ಬಂದೊದಗುವುದರಿಂದ ಈ ತಪ್ಪುಗಳಿಗೆ ಅವಕಾಶ ಹೆಚ್ಚು.

2. ಸೊಲ್ಲು ಮತ್ತು ಮರುಸೊಲ್ಲು

ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿಯೆಂದರೆ, ಇಷ್ಟು ಯಂತ್ರಮಯವಾದ ಈ ವೃತ್ತಿಯು ಇಂದಿಗೂ ಬಹುಮಟ್ಟಿಗೆ ಬಾಯಿಮಾತನ್ನೇ ನೆಚ್ಚಿಕೊಂಡಿದೆ. ನಿಯಂತ್ರಕರು ಎತ್ತರವನ್ನು ಹೇಳುತ್ತಾರೆ. ಪೈಲಟ್ ಅದನ್ನೇ ಮರಳಿ ಹೇಳಬೇಕು. ನಿಯಂತ್ರಕರು ಆ ಮರುನುಡಿಯನ್ನು ಕೇಳಿ ಸರಿಯೆಂದು ಖಚಿತಪಡಿಸಿಕೊಳ್ಳಬೇಕು. ಸೋಬಾನೆ ಪದಗಳಲ್ಲಿ ಮುಂದಾಳು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಮರಳಿ ಹಾಡುವ ಕ್ರಮವನ್ನು ಇದು ನೆನಪಿಸುತ್ತದೆ. ಆದರೆ ಇಲ್ಲಿ ಮರುಸೊಲ್ಲಿನ ಉದ್ದೇಶ ರಾಗವಲ್ಲ, ಪರೀಕ್ಷೆ.

ಅಂಕಿಗಳ ಉಚ್ಚಾರವನ್ನೂ ಈ ವೃತ್ತಿ ಬದಲಿಸಿಕೊಂಡಿದೆ. ಇಂಗ್ಲಿಷಿನ ಒಂಬತ್ತನ್ನು ‘ನೈನರ್’ ಎಂದೂ ಮೂರನ್ನು ‘ಟ್ರೀ’ ಎಂದೂ ನುಡಿಯಬೇಕೆಂಬ ನಿಯಮವಿದೆ. ಕಣದಲ್ಲಿ ರಾಶಿ ಅಳೆಯುವ ರೈತರು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿಯನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಶುಭದ ನಂಬಿಕೆ, ಇಲ್ಲಿ ಸ್ಪಷ್ಟತೆಯ ಅಗತ್ಯ. ಕಾರಣ ಬೇರೆಯಾದರೂ ಎಣಿಕೆಯ ಮಾತನ್ನು ವೃತ್ತಿಯು ತನ್ನದಾಗಿ ಮಾಡಿಕೊಳ್ಳುವ ರೀತಿ ಒಂದೇ.

ಈ ಮಾತಿನ ಸರಪಳಿ ಕಡಿದಾಗ ಆದ ಅನಾಹುತಕ್ಕೆ ಹರಿಯಾಣದ ಚರ್ಖಿ ದಾದ್ರಿ ದುರಂತವೇ ಸಾಕ್ಷಿ. 1996ರ ನವೆಂಬರ್ 12ರಂದು ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕ್ ವಿಮಾನಕ್ಕೆ 15,000 ಅಡಿ ನಿಗದಿಯಾಗಿತ್ತು. ಕಜಕ್ ವಿಮಾನವು ತನ್ನ ಮಟ್ಟಕ್ಕಿಂತ ಕೆಳಗಿಳಿಯಿತು. ಎರಡೂ ಡಿಕ್ಕಿಯಾಗಿ 349 ಮಂದಿ ಪ್ರಾಣ ಕಳೆದುಕೊಂಡರು. ಡಿಕ್ಕಿ ತಡೆಯುವ ಉಪಕರಣವನ್ನು ಭಾರತವು ಕಡ್ಡಾಯಗೊಳಿಸಿದ್ದು ಇದರ ತರುವಾಯವೇ.

3. ಯಂತ್ರದ ನುಡಿ

ಟಿಸಿಎಎಸ್ ಎಂದು ಕರೆಯಲಾಗುವ ಈ ಉಪಕರಣವು ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನು ಪ್ರಶ್ನಿಸಿ, ಅವುಗಳ ದೂರ ಮತ್ತು ಎತ್ತರವನ್ನು ತಿಳಿದು, ಸಂಧಿಸಲು ಉಳಿದಿರುವ ಸೆಕೆಂಡುಗಳನ್ನು ಲೆಕ್ಕಹಾಕುತ್ತದೆ. ಮೊದಲು ‘ಟ್ರಾಫಿಕ್, ಟ್ರಾಫಿಕ್’ ಎಂಬ ಮುನ್ನೆಚ್ಚರಿಕೆ ಕೇಳಿಬರುತ್ತದೆ. ಅಪಾಯ ಹತ್ತಿರವಾದಂತೆ, ಸುಮಾರು 15ರಿಂದ 35 ಸೆಕೆಂಡುಗಳಷ್ಟು ಮೊದಲು, ‘ಕ್ಲೈಂಬ್’ ಅಥವಾ ‘ಡಿಸೆಂಡ್’ ಎಂಬ ಆಜ್ಞೆ ಹೊರಡುತ್ತದೆ. ಎರಡು ವಿಮಾನಗಳ ಉಪಕರಣಗಳು ತಮ್ಮೊಳಗೆ ಹೊಂದಾಣಿಕೆ ಮಾಡಿಕೊಂಡು ವಿರುದ್ಧ ದಿಕ್ಕಿನ ಆಜ್ಞೆಗಳನ್ನು ನೀಡುತ್ತವೆ. ಪೈಲಟ್ ಐದು ಸೆಕೆಂಡುಗಳೊಳಗೆ ಪ್ರತಿಕ್ರಿಯಿಸಬೇಕು.

ಏರುವ ವಿಮಾನ ತನ್ನ ಮಟ್ಟದಲ್ಲಿ ನಿಲ್ಲುವುದೇ ಆಗಿದ್ದರೂ, ವಿಪರೀತ ವೇಗದಿಂದ ಏರುತ್ತಿದ್ದರೆ ಯಂತ್ರಕ್ಕೆ ಆ ಉದ್ದೇಶ ತಿಳಿಯದು. ಅದು ಮೇಲಿನ ವಿಮಾನಕ್ಕೆ ಅಪಾಯವೆಂದೇ ಎಣಿಸುತ್ತದೆ. ಆದುದರಿಂದ ಕೊನೆಯ 1000 ಅಡಿಗಳಲ್ಲಿ ಏರಿಕೆಯನ್ನು ನಿಮಿಷಕ್ಕೆ 1500 ಅಡಿಗಿಂತ ಕಡಿಮೆಗೊಳಿಸಬೇಕೆಂಬ ಸಲಹೆ ರೂಢಿಗೆ ಬಂದಿದೆ.

4. ಬೆಂಗಳೂರಿನ ಎರಡು ಪ್ರಸಂಗಗಳು

2018ರ ಜುಲೈ 10ರಂದು ಬೆಂಗಳೂರು ವಾಯುಪ್ರದೇಶದಲ್ಲಿ, ಕೊಯಮತ್ತೂರಿನಿಂದ ಹೈದರಾಬಾದಿಗೂ ಬೆಂಗಳೂರಿನಿಂದ ಕೊಚ್ಚಿಗೂ ಹೊರಟಿದ್ದ ಇಂಡಿಗೋ ಸಂಸ್ಥೆಯ ಎರಡು ವಿಮಾನಗಳು ಸಮೀಪಿಸಿದವು. ಎತ್ತರದ ಅಂತರ 200 ಅಡಿಗೆ ಇಳಿದಿತ್ತೆಂದೂ, ಎರಡರಲ್ಲಿ ಒಟ್ಟು 328 ಪ್ರಯಾಣಿಕರಿದ್ದರೆಂದೂ ಆಗ ವರದಿಯಾಯಿತು. ಉಪಕರಣದ ಆಜ್ಞೆಯನ್ನು ಪೈಲಟ್‌ಗಳು ಪಾಲಿಸಿದ್ದರಿಂದ ಅಪಾಯ ತಪ್ಪಿತು.

2022ರ ಜನವರಿ 7ರ ಪ್ರಸಂಗ ಇದಕ್ಕಿಂತ ಭಿನ್ನ. ಕೋಲ್ಕತ್ತಾ ಮತ್ತು ಭುವನೇಶ್ವರಕ್ಕೆ ಹೊರಟ ಎರಡು ವಿಮಾನಗಳು ಅಕ್ಕಪಕ್ಕದ ಓಡುದಾರಿಗಳಿಂದ ಬಹುತೇಕ ಏಕಕಾಲಕ್ಕೆ ಮೇಲೇರಿ, ಒಂದನ್ನೊಂದು ಸಮೀಪಿಸುವ ಹಾದಿ ಹಿಡಿದವು. ಒಂದೇ ಓಡುದಾರಿಯನ್ನು ಬಳಸುವ ನಿರ್ಧಾರವು ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲವೆಂದು ಪ್ರಾಥಮಿಕ ವರದಿ ತಿಳಿಸಿತು. ರಾಡಾರ್ ನಿಯಂತ್ರಕರು ಇದನ್ನು ಗಮನಿಸಿ, ವಿಮಾನಗಳಿಗೆ ಬೇರೆ ಬೇರೆ ದಿಕ್ಕು ಸೂಚಿಸಿ ಡಿಕ್ಕಿಯನ್ನು ತಪ್ಪಿಸಿದರು. ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ ಟಿಸಿಎಎಸ್ ಆಜ್ಞೆ ನೀಡುವುದಿಲ್ಲವಾದ್ದರಿಂದ, ಹೊರಡುವ ಹಂತದಲ್ಲಿ ಮನುಷ್ಯನ ಕಣ್ಣು ಮತ್ತು ಕಂಠಕ್ಕೆ ಬದಲಿಯಿಲ್ಲ.

5. ಯಾರ ಮಾತು ನಡೆಯಬೇಕು?

ಮನುಷ್ಯ ಮತ್ತು ಯಂತ್ರ ಎರಡೂ ಏಕಕಾಲಕ್ಕೆ ಬೇರೆ ಬೇರೆ ಮಾತಾಡಿದರೆ? 2002ರ ಜುಲೈ 1ರಂದು ಜರ್ಮನಿಯ ಯೂಬರ್ಲಿಂಗೆನ್ ಮೇಲೆ ಈ ಪ್ರಶ್ನೆ ಎದುರಾಯಿತು. ರಷ್ಯಾದ ವಿಮಾನಕ್ಕೆ ನಿಯಂತ್ರಕರು ಇಳಿಯಲು ಹೇಳಿದರು. ಯಂತ್ರ ಏರಲು ಹೇಳಿತು. ಪೈಲಟ್‌ಗಳು ನಿಯಂತ್ರಕರ ಮಾತನ್ನು ಪಾಲಿಸಿದರು. ಎದುರಿನ ಸರಕು ವಿಮಾನವು ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. ಮಕ್ಕಳೂ ಸೇರಿ 71 ಮಂದಿ ಸತ್ತರು. ಅನಂತರ ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಯಿತು: ಯಂತ್ರದ ಆಜ್ಞೆಯೇ ಮೇಲು. ನಿಯಂತ್ರಕರಿಗೆ ಯಂತ್ರ ಏನು ಹೇಳಿತೆಂಬುದು ತಿಳಿದಿರುವುದಿಲ್ಲ. ಯಂತ್ರಗಳಿಗಾದರೋ ಪರಸ್ಪರರ ನಿರ್ಧಾರ ಗೊತ್ತಿರುತ್ತದೆ. ಪೈಲಟ್ ‘ಟಿಸಿಎಎಸ್ ಆರ್‌ಎ’ ಎಂದು ತಿಳಿಸಿದ ಬಳಿಕ, ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ ಎಂಬ ಮಾತು ಬರುವವರೆಗೆ ನಿಯಂತ್ರಕರು ಆ ವಿಮಾನದ ಹಾದಿಯನ್ನು ಬದಲಿಸಲು ಯತ್ನಿಸಬಾರದು.

ಒಟ್ಟಾರೆಯಾಗಿ ಹೇಳುವುದಾದರೆ, ಏರುಹಾದಿಯ ಸುರಕ್ಷತೆಯು ನುಡಿದ ಅಂಕಿ, ಅದರ ಮರುನುಡಿ ಮತ್ತು ಕೊನೆಯಲ್ಲಿ ಯಂತ್ರದ ಆಜ್ಞೆ ಎಂಬ ಮೂರು ಕಾವಲುಗಳನ್ನು ಅವಲಂಬಿಸಿದೆ. ಮಾತನಾಡುವುದು ಎಷ್ಟು ಮುಖ್ಯವೋ, ಸಕಾಲದಲ್ಲಿ ಮೌನವಾಗಿರುವುದೂ ಅಷ್ಟೇ ಮುಖ್ಯವೆಂಬ ವಿವೇಕವನ್ನು ಈ ವೃತ್ತಿ ಪ್ರಾಣಗಳ ಬೆಲೆ ತೆತ್ತು ಕಲಿತಿದೆ. ಲಿಖಿತ ನಿಯಮಗಳಾಚೆ ಬಾಯಿಂದ ಬಾಯಿಗೆ ಸಾಗುವ ಇಂಥ ವೃತ್ತಿನುಡಿಯ ಸಂಗ್ರಹ ಮತ್ತು ಅಧ್ಯಯನ ಕನ್ನಡ ಜಾನಪದ ಕ್ಷೇತ್ರದಲ್ಲಿ ನಡೆಯಬೇಕಾಗಿದೆ.