ಹಳೆಯ ಟೆಲಿವಿಷನ್ನಿನ ಕಂಠಶುದ್ಧಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯಲ್ಲಿ ವಾಸಿಸುವವರಿಗೆ ಸದ್ದೆಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಬಸ್ಸುಗಳು, ಕೈಗಾರಿಕಾ ವಸಾಹತಿನ ಲಾರಿಗಳು, ವಿಮಾನ ನಿಲ್ದಾಣದ ಕಡೆಗೆ ಧಾವಿಸುವ ಕಾರುಗಳು, ಇವುಗಳ ಗದ್ದಲದ ನಡುವೆ ಮನೆಯೊಳಗಿನ ಹಳೆಯ ವಾಲ್ವ್ ಪೆಟ್ಟಿಗೆಯೊಂದು ಮಾತನಾಡತೊಡಗಿದರೆ ಅದರ ನುಡಿ ಮಂಕಾಗಿ ಕೇಳಿಸುವುದು ಸಹಜ. ಅದರ ಆಂಪ್ಲಿಫೈಯರನ್ನು ಕಿತ್ತು, ಹೆಚ್ಚು ವ್ಯಾಟುಗಳದೊಂದನ್ನು ಕೂಡಿಸಿಬಿಡೋಣವೆಂಬ ಯೋಚನೆ ಆಗ ಮೊದಲು ಹೊಳೆಯುತ್ತದೆ. ಈ ಯೋಚನೆ ಎಷ್ಟು ಸರಿ ಎಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ವಾಲ್ವ್ ಟೆಲಿವಿಷನ್ ನಮ್ಮ ನಾಡಿನಲ್ಲಿ ಅಪರೂಪದ ವಸ್ತು. ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪದಲ್ಲಿ ಮೊದಲಾಯಿತು. ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದನ್ನು ಕಂಡದ್ದು 1975-76ರ ಉಪಗ್ರಹ ಪ್ರಯೋಗದಲ್ಲಿ; ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಷ್ಟರಲ್ಲಿ ಟ್ರಾನ್ಸಿಸ್ಟರಿನ ಯುಗ ಬಂದುಬಿಟ್ಟಿತ್ತು. ಹುಬ್ಬಳ್ಳಿ-ಧಾರವಾಡಗಳ ಮನೆಗಳಿಗೆ ಪರಿಚಿತವಾಗಿದ್ದುದು 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳಿಸುತ್ತಿದ್ದ ವಾಲ್ವ್ ರೇಡಿಯೋ. ಆದರೆ ಎರಡರ ಧ್ವನಿ ವಿಭಾಗವೂ ಒಂದೇ ಕುಲದ್ದು. ಆದುದರಿಂದ ಒಂದನ್ನು ಅರಿತವರು ಇನ್ನೊಂದನ್ನೂ ಅರಿಯಬಲ್ಲರು.

ಮಧ್ಯಮ ತರಂಗದ ರೇಡಿಯೋ ಸೆಕೆಂಡಿಗೆ ಸುಮಾರು 5,000 ಕಂಪನಗಳವರೆಗಿನ ಸ್ವರಗಳನ್ನು ಮಾತ್ರ ಒಯ್ಯುತ್ತದೆ. ಟೆಲಿವಿಷನ್ನಿನ ಧ್ವನಿಯಾದರೋ ಆವೃತ್ತಿ ಮಾರ್ಪಾಟಿನ, ಎಂದರೆ ಎಫ್.ಎಂ. ವಿಧಾನದ ಮೂಲಕ 15,000 ಕಂಪನಗಳವರೆಗೂ ಬರಬಲ್ಲುದು. ಪೆಟ್ಟಿಗೆಯ ಬಾಗಿಲಿಗೆ ಬಂದ ಧ್ವನಿ ಉತ್ತಮವಾದುದೇ. ಅದು ಕೆಡುವುದು ಒಳಗೆ. ತಯಾರಕರು ಹಣವನ್ನೆಲ್ಲ ಚಿತ್ರಕ್ಕೆ ಸುರಿದು, ಧ್ವನಿಗೆ ಪಿಸಿಎಲ್ 82ರಂತಹ ಒಂದೇ ವಾಲ್ವನ್ನೂ ಅಂಗೈಯಗಲದ ಸ್ಪೀಕರನ್ನೂ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಈ ಗಾಜಿನ ಬುರುಡೆಯೊಳಗೆ ಎರಡು ವಾಲ್ವ್‌ಗಳು ಜೊತೆಗೂಡಿವೆ. ಟ್ರಯೋಡ್ ಸಂಜ್ಞೆಯನ್ನು ಹಿಗ್ಗಿಸುತ್ತದೆ. ಪೆಂಟೋಡ್ ಅದಕ್ಕೆ ಶಕ್ತಿ ತುಂಬುತ್ತದೆ. ಹೊರಬೀಳುವುದು ಸುಮಾರು 3 ವ್ಯಾಟ್.

ಇದು ಸಾಲದೆ? ನಮ್ಮ ಕಿವಿಯ ಲೆಕ್ಕ ವಿಚಿತ್ರವಾದುದು. ಧ್ವನಿ ಇಮ್ಮಡಿ ಜೋರಾದಂತೆ ತೋರಬೇಕಾದರೆ ಶಕ್ತಿ ಸುಮಾರು 10 ಪಟ್ಟು ಹೆಚ್ಚಬೇಕು. 3 ವ್ಯಾಟನ್ನು 6ಕ್ಕೆ ಏರಿಸಿದರೆ ದೊರೆಯುವುದು ಬರಿಯ 3 ಡೆಸಿಬೆಲ್. ಅದೇ 3 ಡೆಸಿಬೆಲ್ಲನ್ನು ಹೆಚ್ಚು ಸಂವೇದನೆಯುಳ್ಳ ಒಂದು ಸ್ಪೀಕರ್, ವಿದ್ಯುತ್ತಿನ ಖರ್ಚನ್ನು ಹೆಚ್ಚಿಸದೆಯೇ ಕೊಡಬಲ್ಲುದು. ಆದುದರಿಂದ ನಾವು ಅರಸಬೇಕಾದುದು ವ್ಯಾಟುಗಳನ್ನಲ್ಲ, ಸ್ಪಷ್ಟತೆಯನ್ನು.

ಸ್ಪಷ್ಟತೆಗೆ ಮೊದಲ ಅಡ್ಡಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಪಿಸಿಎಲ್ 82ರ ಪೆಂಟೋಡ್ ಸುಮಾರು 5,600 ಓಮ್‌ಗಳ ಹೊರೆಯನ್ನು ಬಯಸುತ್ತದೆ. ಸ್ಪೀಕರಿನದು 4 ಓಮ್ ಎಂದಿಟ್ಟುಕೊಳ್ಳೋಣ. ಇವುಗಳ ಭಾಗಲಬ್ಧ 1,400; ಅದರ ವರ್ಗಮೂಲ ಸುಮಾರು 37. ಆದುದರಿಂದ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣ 37ಕ್ಕೆ 1 ಇರಬೇಕು. ಇಷ್ಟೇ ಸಾಲದು. 50 ಕಂಪನಗಳ ಮಂದ್ರಸ್ವರವೂ ದಾಟಿಬರಬೇಕಾದರೆ ಮೊದಲ ಸುರುಳಿಯ ಪ್ರೇರಣೆ ಸುಮಾರು 18 ಹೆನ್ರಿ ಬೇಕು. ಅದು 6 ಹೆನ್ರಿಯಷ್ಟೇ ಇದ್ದರೆ 150 ಕಂಪನಗಳಿಂದ ಕೆಳಗೆ ಧ್ವನಿ ಕುಗ್ಗತೊಡಗುತ್ತದೆ. ತಬಲದ ಬಾಯಾ ಸೊರಗಿ ಬರಿಯ ತಟ್ಟುವ ಸದ್ದಾಗುತ್ತದೆ. ವಾಲ್ವಿನ ನೇರ ಪ್ರವಾಹವು ಈ ಸುರುಳಿಯಲ್ಲಿ ಸದಾ ಹರಿಯುವುದರಿಂದ ಕಬ್ಬಿಣದ ಗರ್ಭವು ಕಾಂತತ್ವದಿಂದ ತಣಿದುಹೋಗದಂತೆ ಅದರಲ್ಲಿ ಸಣ್ಣ ಗಾಳಿಯ ಸಂದು ಬಿಡಬೇಕು. ಹಾಗಾಗಿ ದೊಡ್ಡ ಗರ್ಭದ ಟ್ರಾನ್ಸ್‌ಫಾರ್ಮರ್ ಮೊದಲ ನಿಜವಾದ ಸುಧಾರಣೆ.

ಎರಡನೆಯ ಅಡ್ಡಿ ವಯಸ್ಸು. ಟ್ರಯೋಡ್ ಮತ್ತು ಪೆಂಟೋಡ್‌ಗಳ ನಡುವಿನ ಕಂಡೆನ್ಸರ್ ನೇರ ಪ್ರವಾಹವನ್ನು ತಡೆಯಬೇಕು. ಹಳೆಯ ಕಾಗದದ ಕಂಡೆನ್ಸರ್ ಸೋರತೊಡಗುತ್ತದೆ. ಸೋರಿಕೆಯ ರೋಧವು 100 ಮೆಗಾಓಮ್ ಆಗಿದ್ದು, ಗ್ರಿಡ್ಡಿನ ರೋಧವು 1 ಮೆಗಾಓಮ್ ಆಗಿದ್ದರೂ, 150 ವೋಲ್ಟುಗಳಲ್ಲಿ ಸುಮಾರು ಒಂದೂವರೆ ವೋಲ್ಟು ಗ್ರಿಡ್ಡನ್ನು ತಲಪುತ್ತದೆ. ಅದರಿಂದ ವಾಲ್ವು ಕಾಯುತ್ತದೆ, ಧ್ವನಿ ಒಡೆಯುತ್ತದೆ. ಒಣಗಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಗುಂಯ್‌ಗುಡುವಿಕೆಯನ್ನು ತರುತ್ತವೆ. ಇವನ್ನು ಬದಲಿಸಿದ ಮೇಲೆ ಆಂಪ್ಲಿಫೈಯರಿನಲ್ಲಿ ಸುಧಾರಿಸಬೇಕಾದುದು ಎಷ್ಟು ಕಡಿಮೆ ಉಳಿದಿದೆಯೆಂದು ತಿಳಿದು ಹಲವರು ಬೆರಗಾಗುತ್ತಾರೆ.

ಮೂರನೆಯ ಉಪಾಯ ನೆಗೆಟಿವ್ ಫೀಡ್‌ಬ್ಯಾಕ್, ಎಂದರೆ ವಿರುದ್ಧ ಮರುಪೂರಣ. ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್ 2ರಂದು ಕೆಲಸಕ್ಕೆ ಹೋಗುವ ದೋಣಿಯಲ್ಲಿ ಕುಳಿತು ದಿನಪತ್ರಿಕೆಯ ಪುಟದ ಮೇಲೆ ಇದನ್ನು ಗೀಚಿದರು. ಹೊರಬಂದ ಸಂಜ್ಞೆಯ ಒಂದಂಶವನ್ನು ತಲೆಕೆಳಗಾಗಿಸಿ ಮೊದಲಿಗೆ ಮರಳಿಸಿದರೆ, ಆಂಪ್ಲಿಫೈಯರು ತಾನು ಮಾಡಿದ ದೋಷವನ್ನು ತಾನೇ ತಿದ್ದಿಕೊಳ್ಳುತ್ತದೆ. ಇದಕ್ಕೆ ಬೆಲೆಯೆಂದು ಹಿಗ್ಗಿಸುವ ಸಾಮರ್ಥ್ಯದ ಒಂದು ಪಾಲನ್ನು ತೆರಬೇಕು. ಅಲ್ಪ ಪ್ರಮಾಣದಲ್ಲಿ ಇದು ಅಮೃತ. ಕಳಪೆ ಟ್ರಾನ್ಸ್‌ಫಾರ್ಮರಿನೊಡನೆ ಅತಿಯಾದರೆ ಪೆಟ್ಟಿಗೆ ಊಳಿಡತೊಡಗುತ್ತದೆ.

ಇಲ್ಲಿಯೇ ಅತಿ ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕು. ಪಿ-ವರ್ಗದ ವಾಲ್ವುಗಳ ತಂತಿಗಳೆಲ್ಲ ಹಾರದ ಮಣಿಗಳಂತೆ ಒಂದೇ ಸರಣಿಯಲ್ಲಿ ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಲ್ಪಟ್ಟಿರುತ್ತವೆ. ಬೇರೆ ಪ್ರವಾಹದ ವಾಲ್ವನ್ನು ಅಲ್ಲಿ ತುರುಕಿದರೆ ಸರವೇ ಕೆಡುತ್ತದೆ. ಅದಕ್ಕಿಂತ ಭಯಂಕರವಾದುದೆಂದರೆ, ಇಂತಹ ಪೆಟ್ಟಿಗೆಯ ಲೋಹದ ಚೌಕಟ್ಟೇ 230 ವೋಲ್ಟುಗಳಲ್ಲಿರಬಹುದು. ಮರುಪೂರಣಕ್ಕೆಂದು ಸ್ಪೀಕರಿನ ಸುರುಳಿಯನ್ನು ಚೌಕಟ್ಟಿಗೆ ಜೋಡಿಸಿದರೆ, ಹೊರಗಿಟ್ಟ ಸ್ಪೀಕರಿನ ತಂತಿಯೂ ಪ್ರಾಣಾಂತಿಕವಾಗುತ್ತದೆ. ಚಿತ್ರನಳಿಗೆಗೆ ಉಣಿಸುವ ಹತ್ತು ಸಾವಿರಕ್ಕೂ ಮೀರಿದ ವೋಲ್ಟುಗಳು ಸ್ವಿಚ್ಚು ಆರಿಸಿದ ಮೇಲೂ ಅಲ್ಲಿಯೇ ಉಳಿದಿರಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮತ್ತು ಅನುಭವಿ ಮಾರ್ಗದರ್ಶಕ, ಇವೆರಡೂ ಇಲ್ಲದೆ ವಿದ್ಯಾರ್ಥಿಗಳು ಇದರ ಹಿಂಬದಿಯನ್ನು ಬಿಚ್ಚಲೇಬಾರದು. ಪ್ರಯೋಗಕ್ಕೆ ಹೊರಡುವವರು ಮುಖ್ಯ ಟ್ರಾನ್ಸ್‌ಫಾರ್ಮರುಳ್ಳ ವಾಲ್ವ್ ರೇಡಿಯೋವನ್ನು, ಅದೂ ಗುರುಗಳ ಕಣ್ಣೆದುರಿನಲ್ಲಿ, ಆಯ್ದುಕೊಳ್ಳುವುದು ಲೇಸು.

ಇಂದು ದೂರದರ್ಶನದ ಹಳೆಯ ಬಗೆಯ ಭೂಪ್ರಸಾರವು ಬಹುಮಟ್ಟಿಗೆ ನಿಂತುಹೋಗಿದೆ. ಉಳಿದಿರುವ ಪೆಟ್ಟಿಗೆಗಳು ಇನ್ನು ಇತಿಹಾಸದ ಸಾಕ್ಷಿಗಳು. ಅವುಗಳ ಕಂಠವನ್ನು ಶುದ್ಧಿಗೊಳಿಸುವವರು ಕಿತ್ತ ಭಾಗಗಳಿಗೆ ಚೀಟಿ ಕಟ್ಟಿ ಒಳಗಿಡಲಿ, ಹೊಸ ರಂಧ್ರಗಳನ್ನು ಕೊರೆಯದಿರಲಿ. ಮುಂದೆ ಬರುವವರಿಗೆ ಈ ಯಂತ್ರವು ಮೊದಲು ಹೇಗೆ ಮಾತನಾಡುತ್ತಿತ್ತೆಂಬುದೂ ತಿಳಿಯಬೇಕಲ್ಲವೆ?