ರಸಾಯನಶಾಸ್ತ್ರ ಪದವಿ: ಶುಲ್ಕದ ಜೊತೆ ದಾಖಲೆಯೂ ಮುಖ್ಯ

ಪುಣೆ: ಬಿ.ಎಸ್ಸಿ. ರಸಾಯನಶಾಸ್ತ್ರದ ಪದವಿ ಒಂದೇ ಆದರೂ ಶುಲ್ಕ ಎಲ್ಲೆಡೆ ಒಂದೇ ಅಲ್ಲ. ಅನುದಾನಿತ ವಿಭಾಗದಲ್ಲಿ ಅಧ್ಯಾಪಕರ ವೇತನವನ್ನು ಸರಕಾರ ಭರಿಸುತ್ತದೆ. ಅನುದಾನರಹಿತ ವಿಭಾಗದಲ್ಲಿ ಆ ಹೊರೆ ಪಾಲಕರ ಮೇಲೆ ಬೀಳುತ್ತದೆ. ಫರ್ಗ್ಯುಸನ್ (1885), ಸರ್ ಪರಶುರಾಮಭಾವು (1916) ಮುಂತಾದ ಹಳೆಯ ಕಾಲೇಜುಗಳಲ್ಲಿ ಅನುದಾನಿತ ವಿಭಾಗಗಳಿವೆ. 2006ರಲ್ಲಿ ಸ್ಥಾಪನೆಯಾದ ಐಸರ್‌ನಲ್ಲಿ ಶುಲ್ಕ ಹೆಚ್ಚು. ಆದರೆ ಐದು ವರ್ಷಗಳ ಆ ವ್ಯಾಸಂಗದಲ್ಲಿ ಸ್ನಾತಕೋತ್ತರ ಪದವಿಯೂ ಸೇರಿದೆ.

ಪ್ರವೇಶಕ್ಕೆ ಮುನ್ನ ಪಾಲಕರು ಪ್ರಯೋಗಾಲಯ ಹಾಗೂ ಪರೀಕ್ಷಾ ಶುಲ್ಕ ಸೇರಿಸಿ ಎಲ್ಲ ವರ್ಷಗಳ ಒಟ್ಟು ಖರ್ಚನ್ನು ಕೇಳಿ ತಿಳಿಯಬೇಕು. ವಾರ್ಷಿಕ ಆದಾಯ 8 ಲಕ್ಷ ರೂ. ಮೀರದ ಕುಟುಂಬಗಳಿಗಿರುವ ರಾಜರ್ಷಿ ಶಾಹು ಶುಲ್ಕ ಯೋಜನೆಗೆ ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರ ಕಡ್ಡಾಯ. ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳು ವಾಸ್ತವ್ಯದ ಹಳೆಯ ದಾಖಲೆಗಳನ್ನು ಹುಡುಕಿ, ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೆ ಮೊದಲೇ ಅರ್ಜಿ ಸಲ್ಲಿಸುವುದು ಒಳಿತು.