‘ಮಯೂರಶಿಖಿ ಕೊಡ್ರಿ’ ಅಂದ್ರೆ ಅಂಗಡಿಯವರು ಕೊಡೋದು ಯಾವ ಗಿಡ?

ವಿಜಯಪುರ: ಬೇಸಿಗೆಯಲ್ಲಿ ಬಂಡೆಗಲ್ಲಿನ ಸಂದಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಮುದುಡಿ ಕೂತಿರುತ್ತದೆ. ನೋಡಿದವರು ಸತ್ತೇ ಹೋಗಿದೆ ಅನ್ನಬೇಕು. ಮಿರಗದ ಮಳಿ ಒಂದೆರಡು ಸಲ ಜೋರಾಗಿ ಬಿದ್ದರೆ ಸಾಕು, ಅದೇ ಗಿಡ ಹಸಿರಾಗಿ ಬೀಸಣಿಕೆಯಂತೆ ಬಿಚ್ಚಿಕೊಳ್ಳುತ್ತದೆ. ನವಿಲಿನ ಜುಟ್ಟಿನಂತೆ ಕಾಣುವುದರಿಂದ ಇದಕ್ಕೆ ಮಯೂರಶಿಖಿ ಅಂತ ಹೆಸರು.

ಇದು ಜರಿಗಿಡ. ಜರಿಗಿಡ ಅಂದಕೂಡಲೇ ಮಲೆನಾಡಿನ ನೆರಳು, ಹಳ್ಳ ನೆನಪಾಗುತ್ತದೆ. ಇದು ಹಾಗಲ್ಲ, ಒಣ ನಾಡಿನ ಕಲ್ಲು, ಹಳೇ ಗೋಡೆಯೇ ಇದರ ಮನೆ. ಆಫ್ರಿಕಾ, ಅರಬ್ ನಾಡು, ಶ್ರೀಲಂಕಾದಲ್ಲೂ ಇದೆ. ಎತ್ತರ ಹೆಚ್ಚೆಂದರೆ ಒಂದು ಗೇಣು. ಹೂವಿಲ್ಲ, ಬೀಜವೂ ಇಲ್ಲ. ಎಲೆಯಡಿ, ಅಂಚಿನ ಮಡಿಕೆಯೊಳಗೆ ಧೂಳಿನಷ್ಟು ಸಣ್ಣ ಬೀಜಕಣ ಇರುತ್ತವೆ. ಅವು ಗಾಳಿಗೆ ಹಾರಿ ಹೋಗಿ ಕೂತಲ್ಲಿ ಗಿಡ. ಅರಳಿ, ಆಲದ ಬೇರು ಗೋಡೆ ಸೀಳಿದಂತೆ ಇದು ಸೀಳುವುದಿಲ್ಲ ಬಿಡಿ.

ಸಸ್ಯಶಾಸ್ತ್ರದ ಹೆಸರು ಆಕ್ಟಿನಿಯಾಪ್ಟೆರಿಸ್ ರೇಡಿಯೇಟಾ. ಗ್ರೀಕ್‌ನಲ್ಲಿ ‘ಆಕ್ಟಿಸ್’ ಅಂದರೆ ಕಿರಣ, ‘ಪ್ಟೆರಿಸ್’ ಅಂದರೆ ಜರಿಗಿಡ. ‘ರೇಡಿಯೇಟಾ’ ಅಂದರೂ ಕಿರಣದಂತೆ ಹರಡಿದ್ದು ಅಂತಲೇ. 1801ರಲ್ಲಿ ಸ್ವೀಡನ್ನಿನ ಓಲೋಫ್ ಸ್ವಾರ್ಟ್ಸ್ ಇದನ್ನು ಆಸ್ಪ್ಲೇನಿಯಂ ರೇಡಿಯೇಟಂ ಎಂದು ಕರೆದಿದ್ದರು. 1841ರಲ್ಲಿ ಜರ್ಮನಿಯ ಲಿಂಕ್ ಈಗಿನ ಕುಲಕ್ಕೆ ಸೇರಿಸಿದರು.

ಇಷ್ಟುದ್ದದ ಹೆಸರು ನಮಗ್ಯಾಕೆ ಅಂತ ಕೇಳಬಹುದು. ತಿಕೋಟಾ ಕಡೆ ದ್ರಾಕ್ಷಿ ಕೊಳ್ಳಲು ಬಂದವರು ತಳಿ ಯಾವುದು ಅಂತ ಕೇಳದೆ ರೇಟು ಮಾತಾಡುತ್ತಾರಾ? ಔಷಧದ ಗಿಡದಲ್ಲಿ ಮಾತ್ರ ನಾವು ಕೇಳುವುದಿಲ್ಲ. ಮಯೂರಶಿಖಿ ಅನ್ನೋ ಒಂದೇ ಹೆಸರಿನಲ್ಲಿ ಕೋಳಿಜುಟ್ಟು ಹೂವಿನ ಗಿಡವನ್ನೂ ಕರೆಯುತ್ತಾರೆ, ಎಲಿಫ್ಯಾಂಟೋಪಸ್ ಸ್ಕೇಬರ್ ಎಂಬ ನೆಲಕ್ಕಂಟಿದ ಗಿಡವನ್ನೂ ಕರೆಯುತ್ತಾರೆ. ಅಡಿಯಾಂಟಮ್ ಕಾಡೇಟಮ್ ಎಂಬ ಇನ್ನೊಂದು ಜರಿಗಿಡಕ್ಕೂ ಅದೇ ಹೆಸರು. ನಾಲ್ಕೂ ಬೇರೆ ಬೇರೆ. ಒಣಗಿಸಿ ಪುಡಿ ಮಾಡಿ ಪೊಟ್ಟಣ ಕಟ್ಟಿದ ಮೇಲೆ ಮಾರುವವರಿಗೂ ಗೊತ್ತಾಗಲ್ಲ, ಕೊಳ್ಳುವವರಿಗಂತೂ ಇಲ್ಲವೇ ಇಲ್ಲ.

ನೀರಿಗೆ ಹಾಕಿದರೆ ಬಿಚ್ಚಿಕೊಂಡಿತು, ಆದ್ದರಿಂದ ಇದೇ ಅಸಲಿ ಎನ್ನುವುದೂ ಪುರಾವೆಯಲ್ಲ. ಸಂಜೀವಿನಿ ಹೆಸರಿನಲ್ಲಿ ಮಾರುವ ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಕೂಡ ಹಾಗೇ ಬಿಚ್ಚಿಕೊಳ್ಳುತ್ತದೆ. ಅದು ಜರಿಗಿಡವೇ ಅಲ್ಲ.

ಪುಡಿ ಬದಲು ಇಡೀ ಗಿಡ ಕೇಳಿದರೆ ಗುರುತು ಹಿಡಿಯುವುದು ಸಲೀಸು. ಉದ್ದ ದೇಟಿನ ತುದಿಯಲ್ಲಿ ಬೀಸಣಿಕೆ ಎಲೆ ಇರಬೇಕು. ಅದು ಎರಡೆರಡಾಗಿ ಕವಲೊಡೆದು ದಾರದಂಥ ಸಪೂರ ಸೀಳುಗಳಾಗಿರಬೇಕು. ಹೂವಿನ ತೆನೆ ಕಂಡರೆ ಅದು ಈ ಗಿಡವಲ್ಲ. ಪೊಟ್ಟಣವೇ ಆದರೆ ಅದರ ಮೇಲೆ ಸಸ್ಯಶಾಸ್ತ್ರದ ಹೆಸರು ಬರೆದಿದೆಯಾ ನೋಡಿ. ಕೆಲವು ಹಳೇ ಪುಸ್ತಕಗಳಲ್ಲಿ ‘ಆಕ್ಟಿನಿಯಾಪ್ಟೆರಿಸ್ ಡೈಕೊಟೊಮಾ’ ಎಂದಿರುತ್ತದೆ, ಅದೂ ಇದೇ ಗಿಡ.